ಜೇನಿಗೆ ಗರಟೆಯೇ ಸಾಕು ಮಾರಾಯ್ರೇ

ಮೊನ್ನೆ ಮಳೆ ಸ್ವಲ್ಪ ಬಿಟ್ಟಾಗ ಅಕ್ಕನ ಮನೆಗೆ ಹೋಗಿದ್ದೆ. ತೋಟದಲ್ಲಿದ್ದ ನಾಲ್ಕು ಜೇನುಪೆಟ್ಟಿಗೆಗಳಲ್ಲಿ ಎರಡು ಖಾಲಿ! ಎರಡರ ಬಾಗಿಲಲ್ಲೂ ಹೊಸ ಪ್ಲಾಸ್ಟಿಕ್ ಫೀಡರ್ ಸಿಕ್ಕಿಸಿತ್ತು. "ಪಾಕ ಕೊಟ್ರೂ ಎದ್ದು ಹೋದ್ವಲ್ಲ ಮಾರಾಯ" ಅಂತ ಭಾವನ ದೂರು. ಪಾಕ ಕುಡಿದದ್ದು ಯಾರು ಅಂತ ಅಲ್ಲಿದ್ದ ಇರುವೆ ಸಾಲು ನೋಡಿದರೇ ಗೊತ್ತಾಗ್ತಿತ್ತು.

ನಮ್ಮ ಮಲೆನಾಡಿನಲ್ಲಿ ಜೂನ್‌ನಿಂದ ಆಗಸ್ಟ್‌ವರೆಗೆ ತುಡುವೆಗೆ ಹೂವೂ ಇಲ್ಲ, ಹಾರೋಕೆ ಬಿಸಿಲೂ ಇಲ್ಲ. ಹೊಟ್ಟೆಗಿಲ್ಲದಿದ್ದರೆ ಅದು ಎರಿ ಬಿಟ್ಟು ಎದ್ದೇ ಹೋಗುತ್ತೆ. ಹಾಗಾಗಿ ಪಾಕ ಕೊಡಬೇಕು, ಸರಿ. ಆದರೆ ಬಾಗಿಲಲ್ಲಿ ಇಡೋದು ನನಗಂತೂ ಒಪ್ಪಿಗೆಯಿಲ್ಲ. ವಾಸನೆ ಹಿಡಿದು ಪಕ್ಕದ ಪೆಟ್ಟಿಗೆಯವೂ ಬರುತ್ತವೆ. ಸೊರಗಿದ ಕುಟುಂಬಕ್ಕೆ ಬಾಗಿಲು ಕಾಯೋ ಶಕ್ತಿ ಎಲ್ಲಿರುತ್ತೆ? ಒಳಗಿದ್ದ ಚೂರುಪಾರು ಜೇನೂ ಲೂಟಿ.

ನಾನು ಇಡೋದು ತೆಂಗಿನ ಗರಟೆ. ಸಂಸಾರ ಕೋಣೆಯ ಮೇಲೆ ಖಾಲಿ ಜೇನುಕೋಣೆ, ಅದರೊಳಗೆ ಗರಟೆ, ಮೇಲೆ ಮುಚ್ಚಳ. ನಾಲ್ಕಾರು ಕಡ್ಡಿ ತೇಲಿಬಿಡೋದನ್ನ ಮಾತ್ರ ಮರೀಬಾರದು, ಇಲ್ಲಾಂದ್ರೆ ಬೆಳಗ್ಗೆ ಸತ್ತ ಹುಳಗಳದ್ದೇ ಪಾಯಸ. ಬಾಟಲಿ ಮುಚ್ಚಳಕ್ಕೆ ಸಣ್ಣ ತೂತು ಹೊಡೆದು ಬೋರಲು ಹಾಕಿದರೂ ಆಗುತ್ತೆ. ಅದನ್ನ ಪೂರ್ತಿ ತುಂಬಿಸಿ. ಅರ್ಧ ತುಂಬಿಸಿದರೆ ಒಳಗಿನ ಗಾಳಿ ಬಿಸಿಯಾದಾಗ ಹಿಗ್ಗಿ ಪಾಕ ಎರಿ ಮೇಲೆಲ್ಲ ಸುರಿಯುತ್ತೆ.

ಒಂದು ಕೇಜಿ ಸಕ್ಕರೆಗೆ ಒಂದು ಲೀಟರ್ ನೀರು. ನೀರು ಕುದಿಸಿ ಇಳಿಸಿದ ಮೇಲೆ ಸಕ್ಕರೆ ಹಾಕಿ, ಪೂರ್ತಿ ಆರಲಿ. ಬೆಲ್ಲ ಬೇಡವೇ ಬೇಡ, ಹುಳಗಳಿಗೆ ಭೇದಿ ಶುರುವಾಗುತ್ತೆ. ಕತ್ತಲಾಗುವ ಹೊತ್ತಿಗೆ, ರಾತ್ರಿ ಖಾಲಿ ಮಾಡುವಷ್ಟು ಮಾತ್ರ ಇಡಿ. ಉಳಿದರೆ ಹುಳಿ ಬರುತ್ತೆ.

ಇನ್ನೊಂದು ವಿಷಯಕ್ಕೆ ನನಗೆ ಸಿಟ್ಟೇ ಬರುತ್ತೆ. ಮೇ ತಿಂಗಳಲ್ಲಿ ಹನಿ ಬಿಡದೆ ಜೇನು ತೆಗೆಯೋದು, ಜೂನ್‌ನಲ್ಲಿ "ಪಾಪ, ಹಸಿವು" ಅಂತ ಸಕ್ಕರೆ ಕಲಸೋದು. ಎರಡು ಎರಿಯಷ್ಟು ಜೇನು ಅವಕ್ಕೇ ಬಿಟ್ಟರೆ ಏನು ಗಂಟು ಹೋಗುತ್ತೆ? ಇನ್ನು ಹೂವಿನ ಕಾಲದಲ್ಲೂ ಪಾಕ ಇಟ್ಟು, ಅದನ್ನೇ ತೆಗೆದು ಜೇನು ಅಂತ ಮಾರೋರಿಗೆ ಏನು ಹೇಳೋದು! ಜೇನು ತುಂಬೋ ಎರಿ ಮೇಲೆ ಕೂತ ದಿನ ಪಾಕ ನಿಲ್ಲಬೇಕು.

ಭಾವನ ಉಳಿದೆರಡು ಪೆಟ್ಟಿಗೆಗೂ ಗರಟೆ ಇಟ್ಟು, ಕಾಲುಗಳ ಕೆಳಗೆ ನೀರಿನ ಬಟ್ಟಲು ಕೊಟ್ಟು ಬಂದಿದ್ದೇನೆ. ಆ ಫೀಡರಿಗೆ ಕೊಟ್ಟ ದುಡ್ಡೆಷ್ಟು ಅಂತ ಅಕ್ಕನಿಗೆ ಹೇಳಬೇಡ ಅಂದಿದ್ದಾರೆ. ಅಕ್ಕ ಈ ಬ್ಲಾಗ್ ಓದುತ್ತಾಳೆ, ಅದಕ್ಕೇ ಇಲ್ಲಿ ಬರೆದಿಲ್ಲ :)