ಎಂಡರ್‌ನಿಂದ ಸತ್ಯವನ್ನು ಮುಚ್ಚಿಟ್ಟದ್ದೇಕೆ?

ನಾಳೆ ಹೊಡೆಯಬಹುದು ಎಂಬ ಭಯದಿಂದ ಒಬ್ಬನನ್ನು ಇಂದೇ ಹೊಡೆದು ಮುಗಿಸುವುದು ಸರಿಯೇ? ರಾಜ್ಯಶಾಸ್ತ್ರದ ತರಗತಿಯಲ್ಲಿ ಈ ಪ್ರಶ್ನೆ ಕೇಳಿದರೆ ನಮ್ಮಲ್ಲಿ ಹೆಚ್ಚಿನವರು ತಕ್ಷಣ ‘ತಪ್ಪು’ ಎನ್ನುತ್ತೇವೆ. ಅದೇ ಪ್ರಶ್ನೆಯನ್ನು ಒಂದು ಒಳ್ಳೆಯ ವೈಜ್ಞಾನಿಕ ಕಾದಂಬರಿ ಕೇಳಿದಾಗ ಉತ್ತರ ಅಷ್ಟು ಬೇಗ ಬರುವುದಿಲ್ಲ. ಏಕೆಂದರೆ ಅಲ್ಲಿ ಎದುರಿಗಿರುವುದು ನೆರೆಯ ದೇಶವಲ್ಲ, ನಮ್ಮ ಭಾಷೆಯೇ ತಿಳಿಯದ ಬೇರೊಂದು ಜೀವಕುಲ. ಸೋತರೆ ಹೋಗುವುದು ಒಂದು ಜಿಲ್ಲೆಯೋ ರಾಜ್ಯವೋ ಅಲ್ಲ, ಇಡೀ ಮನುಕುಲ.

ಅಮೆರಿಕದ ಲೇಖಕ ಆರ್ಸನ್ ಸ್ಕಾಟ್ ಕಾರ್ಡ್ ಅವರ ‘ಎಂಡರ್ಸ್ ಗೇಮ್’ ಅಂಥ ಕಾದಂಬರಿ. 1985ರಲ್ಲಿ ಪ್ರಕಟವಾದ ಇದಕ್ಕೆ ವೈಜ್ಞಾನಿಕ ಕಥಾಲೋಕದ ಎರಡು ದೊಡ್ಡ ಪ್ರಶಸ್ತಿಗಳಾದ ಹ್ಯೂಗೋ ಮತ್ತು ನೆಬ್ಯುಲಾ ಎರಡೂ ಬಂದಿವೆ. 2013ರಲ್ಲಿ ಸಿನಿಮಾ ಕೂಡ ಆಯಿತು. ಸಿನಿಮಾದಲ್ಲಿ ಕೆಲವು ವಿವರಗಳು ಬದಲಾಗಿವೆ, ಆದ್ದರಿಂದ ಇಲ್ಲಿ ನಾನು ಕಾದಂಬರಿಯನ್ನೇ ಆಧಾರವಾಗಿ ಇಟ್ಟುಕೊಂಡಿದ್ದೇನೆ. ಕಥೆಯ ಕೊನೆಯನ್ನು ಹೇಳದೆ ಈ ಚರ್ಚೆ ಮಾಡಲು ಸಾಧ್ಯವಿಲ್ಲ. ಇನ್ನೂ ಓದದವರು ಕ್ಷಮಿಸಬೇಕು.

ಕಥೆ ಇಷ್ಟು. ಇರುವೆಗಳಂತೆ ರಾಣಿಯ ಸುತ್ತ ಬದುಕುವ ಫಾರ್ಮಿಕ್ ಎಂಬ ಜೀವಿಗಳು ಎರಡು ಬಾರಿ ಮನುಷ್ಯರ ಮೇಲೆ ದಾಳಿ ಮಾಡಿವೆ. ಮೊದಲ ದಾಳಿಯಲ್ಲಿ ಚೀನಾದ ನೆಲ ನಾಶವಾಗಿದೆ. ಎರಡನೆಯದನ್ನು ಮೇಜರ್ ರ‍್ಯಾಕಮ್ ಎಂಬ ಸೇನಾನಿಯ ಚಾಣಾಕ್ಷತನದಿಂದ ಕೂದಲೆಳೆಯ ಅಂತರದಲ್ಲಿ ಗೆದ್ದಿದ್ದಾರೆ. ಅದಾದ ಮೇಲೆ ದಶಕಗಳ ಕಾಲ ಅತ್ತ ಕಡೆಯಿಂದ ಒಂದು ಹಡಗೂ ಬಂದಿಲ್ಲ. ಆದರೂ ಭೂಮಿಯ ಸೇನೆ ತನ್ನ ಯುದ್ಧನೌಕೆಗಳನ್ನು ಫಾರ್ಮಿಕ್‌ಗಳ ಗ್ರಹಗಳತ್ತ ಕಳುಹಿಸುತ್ತದೆ. ‘ಮೂರನೇ ಆಕ್ರಮಣ’ ಎಂದು ಜನ ಹೆದರುತ್ತಿರುವಾಗ ಆ ಮೂರನೇ ಆಕ್ರಮಣವನ್ನು ಮಾಡುತ್ತಿರುವವರು ಮನುಷ್ಯರೇ.

ಈ ಯುದ್ಧವನ್ನು ನಡೆಸಲು ಒಬ್ಬ ಬಾಲಕನನ್ನು ಆರಿಸುತ್ತಾರೆ. ಅವನೇ ಎಂಡರ್. ಆರು ವರ್ಷದವನಿದ್ದಾಗ ಶಾಲೆಯಲ್ಲಿ ಸ್ಟಿಲ್ಸನ್ ಎಂಬ ಹುಡುಗ ಗುಂಪು ಕಟ್ಟಿಕೊಂಡು ಅವನನ್ನು ಕಾಡುತ್ತಾನೆ. ಎಂಡರ್ ಅವನನ್ನು ನೆಲಕ್ಕೆ ಕೆಡವುತ್ತಾನೆ. ಜಗಳ ಅಲ್ಲಿಗೇ ಮುಗಿಯಬೇಕಿತ್ತು. ಆದರೆ ಬಿದ್ದವನನ್ನೂ ಅವನು ಒದೆಯುತ್ತಾನೆ. ಅವನ ಲೆಕ್ಕ ಇದು: ಇಂದಿನ ಜಗಳ ಗೆದ್ದರೆ ಸಾಲದು, ಮುಂದೆ ಬರಬಹುದಾದ ಎಲ್ಲ ಜಗಳಗಳನ್ನೂ ಇಂದೇ ಗೆದ್ದುಬಿಡಬೇಕು. ಸೇನೆಯ ಅಧಿಕಾರಿಗಳಿಗೆ ಈ ಲೆಕ್ಕವೇ ಹಿಡಿಸುತ್ತದೆ. ಅವನನ್ನು ತರಬೇತಿಗೆ ಕರೆದೊಯ್ಯುತ್ತಾರೆ. ಸ್ಟಿಲ್ಸನ್ ಆ ಹೊಡೆತಕ್ಕೆ ಸತ್ತೇಹೋದ ಎಂಬುದನ್ನು ಆಗ ಅವನಿಗೆ ಯಾರೂ ತಿಳಿಸುವುದಿಲ್ಲ.

ಹನ್ನೊಂದರ ಆಸುಪಾಸಿನಲ್ಲಿ ಎಂಡರ್ ಕೊನೆಯ ಪರೀಕ್ಷೆಗೆ ಕೂರುತ್ತಾನೆ. ಪರದೆಯ ಮೇಲೆ ಹಡಗುಗಳು, ಕಿವಿಯಲ್ಲಿ ಗೆಳೆಯರ ದನಿ. ಇದು ಅಭ್ಯಾಸದ ಆಟ ಎಂದೇ ಅವನಿಗೆ ಹೇಳಲಾಗಿದೆ. ಶತ್ರುವಿನ ಗ್ರಹವನ್ನೇ ಪುಡಿಮಾಡುವ ಅಸ್ತ್ರವನ್ನು ಬಳಸಿ ಅವನು ಆಟ ಗೆಲ್ಲುತ್ತಾನೆ. ಸುತ್ತಲಿದ್ದ ದೊಡ್ಡವರು ಅಳುತ್ತಾರೆ, ಅಪ್ಪಿಕೊಳ್ಳುತ್ತಾರೆ. ಆಗ ತಿಳಿಯುತ್ತದೆ, ಅದು ಆಟವಾಗಿರಲಿಲ್ಲ. ಹಡಗುಗಳು ನಿಜ, ಅದರಲ್ಲಿದ್ದ ಸೈನಿಕರು ನಿಜ, ಸುಟ್ಟುಹೋದ ಗ್ರಹವೂ ನಿಜ.

ಸೇನೆಯ ಪರವಾದ ವಾದವನ್ನು ಮೊದಲು ನ್ಯಾಯವಾಗಿ ಕೇಳೋಣ. ಶತ್ರು ಎರಡು ಬಾರಿ ಬಂದಿದ್ದಾನೆ, ಇದು ಕಲ್ಪನೆಯಲ್ಲ. ಅವನೊಂದಿಗೆ ಮಾತನಾಡುವ ದಾರಿ ಸಿಕ್ಕಿಲ್ಲ. ಮೂರನೇ ಬಾರಿ ಬಂದರೆ ತಡೆಯಬಲ್ಲೆವೆಂಬ ಖಾತ್ರಿ ಇಲ್ಲ. ಮುಳ್ಳುಗಿಡವನ್ನು ಮೊಳಕೆಯಲ್ಲೇ ಚಿವುಟಬೇಕು ಎಂದು ನಮ್ಮ ಹಿರಿಯರೂ ಹೇಳುತ್ತಾರಲ್ಲ? ಒಂದು ದೇಶ ಸೋತರೆ ಮತ್ತೆ ಎದ್ದು ನಿಲ್ಲಬಹುದು, ಮನುಕುಲ ಅಳಿದರೆ ಎದ್ದು ನಿಲ್ಲಲು ಯಾರೂ ಉಳಿದಿರುವುದಿಲ್ಲ. ಈ ವಾದವನ್ನು ಗೇಲಿ ಮಾಡಿ ತಳ್ಳಿಹಾಕಲು ನನಗೆ ಸಾಧ್ಯವಿಲ್ಲ. ಆ ಕೋಣೆಯಲ್ಲಿ ನಾನೂ ಕುಳಿತಿದ್ದರೆ ಹೆದರುತ್ತಿದ್ದೆ.

ಆದರೂ ಈ ಯುದ್ಧ ತಪ್ಪು ಎಂಬುದು ನನ್ನ ಅಭಿಪ್ರಾಯ. ಅದಕ್ಕೆ ಕಾರಣಗಳಿವೆ.

ಮೊದಲನೆಯದು ಸಮಯದ ಪ್ರಶ್ನೆ. ಕತ್ತಿ ಎತ್ತಿದವನ ಕೈಯನ್ನು ಕತ್ತಿ ಬೀಳುವ ಮೊದಲು ಹಿಡಿಯುವುದು ಒಂದು. ಮುಂದೊಂದು ದಿನ ಕತ್ತಿ ಕೊಳ್ಳಬಹುದೆಂದು ಅವನ ಮನೆಗೆ ಇಂದೇ ಬೆಂಕಿ ಇಡುವುದು ಇನ್ನೊಂದು. ಇಂಗ್ಲಿಷಿನಲ್ಲಿ ಮೊದಲನೆಯದನ್ನು ‘ಪ್ರಿಎಂಪ್ಟಿವ್’ ಎಂದೂ ಎರಡನೆಯದನ್ನು ‘ಪ್ರಿವೆಂಟಿವ್’ ಎಂದೂ ಕರೆಯುತ್ತಾರೆ. ಈ ವ್ಯತ್ಯಾಸ ಹೊಸದಲ್ಲ. 1837ರಲ್ಲಿ ಕೆನಡಾದಿಂದ ಬಂದ ಬ್ರಿಟಿಷ್ ಪಡೆ, ಬಂಡಾಯಗಾರರಿಗೆ ನೆರವಾಗುತ್ತಿದ್ದ ‘ಕ್ಯಾರೊಲಿನ್’ ಎಂಬ ಹಡಗಿಗೆ ಅಮೆರಿಕದ ನೆಲದಲ್ಲೇ ಬೆಂಕಿ ಇಟ್ಟು ನಯಾಗರಾ ನದಿಯಲ್ಲಿ ತೇಲಿಬಿಟ್ಟಿತು. ಆ ವಿವಾದದಲ್ಲಿ ಅಮೆರಿಕದ ವಿದೇಶಾಂಗ ಕಾರ್ಯದರ್ಶಿ ಡೇನಿಯಲ್ ವೆಬ್‌ಸ್ಟರ್ ಒಂದು ಅಳತೆಗೋಲು ಕೊಟ್ಟರು. ಅಪಾಯ ಆ ಕ್ಷಣದ್ದಾಗಿರಬೇಕು, ಬೇರೆ ದಾರಿ ಇರಬಾರದು, ಯೋಚಿಸಲು ಸಮಯವೇ ಉಳಿದಿರಬಾರದು ಎಂಬುದು ಅದರ ಸಾರ. ಮೊದಲ ಹೊಡೆತದ ಬಗ್ಗೆ ಚರ್ಚಿಸುವ ಕಾನೂನು ಪಂಡಿತರು ಇಂದಿಗೂ ಅಲ್ಲಿಂದಲೇ ಶುರುಮಾಡುತ್ತಾರೆ.

ಎಂಡರ್‌ನ ಯುದ್ಧವನ್ನು ಆ ಅಳತೆಗೋಲಿನಿಂದ ಅಳೆದು ನೋಡಿ. ನೌಕೆಗಳು ಗುರಿ ತಲುಪಲು ದಶಕಗಳೇ ಹಿಡಿದಿವೆ. ಅಂದರೆ ಯೋಚಿಸಲು ಒಂದು ತಲೆಮಾರಿನಷ್ಟು ಸಮಯವಿತ್ತು. ಆ ಇಡೀ ಅವಧಿಯಲ್ಲಿ ಶತ್ರು ಮತ್ತೆ ಬರಲಿಲ್ಲ. ಬಾರದೇ ಇದ್ದದ್ದೂ ಒಂದು ಸಾಕ್ಷಿಯೇ, ಆದರೆ ಅದನ್ನು ಸಾಕ್ಷಿ ಎಂದು ಯಾರೂ ಪರಿಗಣಿಸಲಿಲ್ಲ. ಹೆದರಿದವರ ಕಣ್ಣಿಗೆ ಮೌನವೂ ಸಂಚಿನಂತೆ ಕಾಣುತ್ತದೆ.

ಎರಡನೆಯ ಕಾರಣ ನನಗೆ ಇನ್ನೂ ಮುಖ್ಯವಾಗಿ ಕಾಣುತ್ತದೆ. ಈ ಯುದ್ಧ ನ್ಯಾಯವಾದದ್ದಾಗಿದ್ದರೆ ಎಂಡರ್‌ಗೆ ಸುಳ್ಳು ಹೇಳಿದ್ದೇಕೆ? ಇದಕ್ಕೆ ಕಾದಂಬರಿಯಲ್ಲೇ ಉತ್ತರವಿದೆ. ಶತ್ರುವನ್ನು ಗೆಲ್ಲಬೇಕಾದರೆ ಅವನ ಮನಸ್ಸನ್ನು ಒಳಗಿನಿಂದ ಅರ್ಥ ಮಾಡಿಕೊಳ್ಳಬಲ್ಲ ದಳಪತಿ ಬೇಕು. ಅಷ್ಟು ಅರ್ಥ ಮಾಡಿಕೊಂಡವನಿಗೆ ಅವನ ಮೇಲೆ ಪ್ರೀತಿಯೂ ಹುಟ್ಟುತ್ತದೆ. ಪ್ರೀತಿ ಹುಟ್ಟಿದವನು ಇಡೀ ಕುಲವನ್ನು ಕೊಲ್ಲಲಾರ. ಆದ್ದರಿಂದ ಕೊಲ್ಲುತ್ತಿದ್ದೇನೆ ಎಂಬುದೇ ಅವನಿಗೆ ತಿಳಿಯಬಾರದು.

ಇದನ್ನು ಸ್ವಲ್ಪ ನಿಂತು ಯೋಚಿಸಬೇಕು. ಶತ್ರುವನ್ನು ಎಲ್ಲರಿಗಿಂತ ಚೆನ್ನಾಗಿ ಬಲ್ಲವನಿಗೆ ಸತ್ಯ ಹೇಳಿದರೆ ಅವನು ಒಪ್ಪುವುದಿಲ್ಲ ಎಂದು ಸೇನೆಗೆ ಮೊದಲೇ ಗೊತ್ತಿತ್ತು. ಅಂದರೆ ಈ ಯುದ್ಧದ ಬಗ್ಗೆ ತೀರ್ಪು ಕೊಡಬಲ್ಲ ಅತ್ಯಂತ ಅರ್ಹ ಸಾಕ್ಷಿ ವಿರುದ್ಧವಾಗಿ ಹೇಳುತ್ತಾನೆಂದು ತಿಳಿದೇ ಅವನ ಬಾಯಿ ಕಟ್ಟಿದರು, ಕೈಯನ್ನು ಮಾತ್ರ ಬಳಸಿಕೊಂಡರು. ಗುಂಡಿ ಒತ್ತುವವನಿಗೆ ಹೇಳಲಾಗದ ಯುದ್ಧವನ್ನು ನ್ಯಾಯದ ಯುದ್ಧ ಎನ್ನುವುದು ಹೇಗೆ?

ಮೂರನೆಯ ಕಾರಣ, ಇಂಥ ದಾಳಿ ತನ್ನ ತಪ್ಪನ್ನು ತಾನೇ ಮುಚ್ಚಿಹಾಕುತ್ತದೆ. ಕೊಂದ ಮೇಲೆ ‘ಅವನು ಹೊಡೆಯುತ್ತಿದ್ದನೇ?’ ಎಂದು ಕೇಳಲು ಅವನೇ ಇರುವುದಿಲ್ಲ. ಕಾದಂಬರಿಯ ಕೊನೆಯಲ್ಲಿ ಎಂಡರ್‌ಗೆ ಉಳಿದಿದ್ದ ಒಂದೇ ಒಂದು ರಾಣಿಯ ಗೂಡು ಸಿಗುತ್ತದೆ. ಫಾರ್ಮಿಕ್‌ಗಳಲ್ಲಿ ರಾಣಿಯೊಬ್ಬಳಿಗೇ ಮನಸ್ಸು. ಹಾಗಾಗಿ ಒಬ್ಬೊಬ್ಬ ಮನುಷ್ಯನಿಗೂ ಬೇರೆ ಬೇರೆ ಮನಸ್ಸಿದೆ ಎಂಬುದೇ ಅವಕ್ಕೆ ಹೊಳೆದಿರಲಿಲ್ಲ. ಹೊಳೆದಾಗ ಪಶ್ಚಾತ್ತಾಪಪಟ್ಟು, ಮತ್ತೆ ಬರಬಾರದೆಂದು ತೀರ್ಮಾನಿಸಿದ್ದವು. ಅದನ್ನು ನಮಗೆ ತಿಳಿಸುವ ದಾರಿ ಮಾತ್ರ ಅವಕ್ಕೆ ಸಿಗಲಿಲ್ಲ.

‘ಇದು ಲೇಖಕ ಮಾಡಿಕೊಂಡ ಅನುಕೂಲ. ಫಾರ್ಮಿಕ್‌ಗಳು ನಿಜವಾಗಿಯೂ ಬರಲು ಸಿದ್ಧವಾಗಿದ್ದರೆ?’ ಎಂದು ಗೆಳೆಯರು ವಾದಿಸಬಹುದು. ಒಳ್ಳೆಯ ಪ್ರಶ್ನೆಯೇ. ಚೀನಾದ ಲೇಖಕ ಲಿಯು ಸಿಶಿನ್ 2008ರ ‘ದಿ ಡಾರ್ಕ್ ಫಾರೆಸ್ಟ್’ ಕಾದಂಬರಿಯಲ್ಲಿ ಅಂಥದೇ ಬ್ರಹ್ಮಾಂಡವನ್ನು ಕಟ್ಟಿದ್ದಾರೆ. ಅಲ್ಲಿ ಪ್ರತಿ ನಾಗರಿಕತೆಯೂ ಕತ್ತಲ ಕಾಡಿನಲ್ಲಿ ಉಸಿರು ಬಿಗಿಹಿಡಿದ ಬೇಟೆಗಾರ. ಕಂಡವನನ್ನು ಮೊದಲು ಹೊಡೆಯದಿದ್ದರೆ ತಾನೇ ಸಾಯಬೇಕು. ಆದರೆ ಆ ಭಯಾನಕ ಲೋಕದಲ್ಲೂ ಲುವೊ ಜಿ ಎಂಬ ನಾಯಕ ಭೂಮಿಯನ್ನು ಉಳಿಸುವುದು ಮೊದಲು ಹೊಡೆದು ಅಲ್ಲ. ‘ನೀವು ಹೊಡೆದರೆ ಇಬ್ಬರ ಠಿಕಾಣಿಯನ್ನೂ ಕಾಡಿಗೆಲ್ಲ ಕೂಗಿ ಹೇಳುತ್ತೇನೆ’ ಎಂದು ಎದುರಾಳಿಗೆ ಎಚ್ಚರಿಕೆ ಕೊಟ್ಟು, ಅವರನ್ನು ತಡೆದು ನಿಲ್ಲಿಸುತ್ತಾನೆ. ಅದೂ ಸುಂದರವಾದ ದಾರಿಯಲ್ಲ. ಆದರೆ ಮಾತಿಗೆ ಜಾಗ ಉಳಿಸುತ್ತದೆ, ತಪ್ಪನ್ನು ತಿದ್ದಿಕೊಳ್ಳಲು ಇಬ್ಬರನ್ನೂ ಬದುಕಿಸುತ್ತದೆ.

ನಮ್ಮ ಭೂಮಿಯ ಮೇಲೂ ಎರಡೂ ಬಗೆಯ ಉದಾಹರಣೆಗಳಿವೆ. 1962ರ ಅಕ್ಟೋಬರ್‌ನಲ್ಲಿ ಕ್ಯೂಬಾದಲ್ಲಿ ಸೋವಿಯತ್ ಕ್ಷಿಪಣಿಗಳು ಕಂಡಾಗ ಅಮೆರಿಕದ ಸೇನಾ ಮುಖ್ಯಸ್ಥರು ತಕ್ಷಣ ಬಾಂಬ್ ಹಾಕಬೇಕೆಂದರು. ಅಧ್ಯಕ್ಷ ಕೆನಡಿ ನೌಕಾ ದಿಗ್ಬಂಧನವನ್ನು ಆರಿಸಿಕೊಂಡರು, ಮಾತುಕತೆ ನಡೆಸಿದರು. 13 ದಿನಗಳಲ್ಲಿ ಬಿಕ್ಕಟ್ಟು ಮುಗಿಯಿತು. ಆ ದ್ವೀಪದಲ್ಲಿ ರಣರಂಗದಲ್ಲೇ ಬಳಸುವ ಸಣ್ಣ ಅಣ್ವಸ್ತ್ರಗಳು ಆಗಲೇ ಇದ್ದವೆಂಬ ಸಂಗತಿ ಬಹಿರಂಗವಾದದ್ದು ಸುಮಾರು 30 ವರ್ಷಗಳ ನಂತರ. ಸೇನಾ ಮುಖ್ಯಸ್ಥರ ಮಾತು ನಡೆದಿದ್ದರೆ ಏನಾಗುತ್ತಿತ್ತೆಂದು ಊಹಿಸಿಕೊಳ್ಳಿ. 2003ರಲ್ಲಿ ಇರಾಕ್ ಮೇಲೆ ದಾಳಿ ನಡೆದಾಗ ಕೊಟ್ಟ ಮುಖ್ಯ ಕಾರಣ ಸಾಮೂಹಿಕ ವಿನಾಶದ ಅಸ್ತ್ರಗಳು. ಆಮೇಲೆ ಹುಡುಕಲು ಹೋದ ತಂಡಕ್ಕೆ ಅವುಗಳ ದಾಸ್ತಾನು ಸಿಗಲಿಲ್ಲ. ಅಷ್ಟರಲ್ಲಿ ಸತ್ತವರು ಸತ್ತಿದ್ದರು.

ವೈಜ್ಞಾನಿಕ ಕಾದಂಬರಿಯನ್ನು ಕೆಲವರು ಸಮಯ ಕಳೆಯುವ ಓದು ಎನ್ನುತ್ತಾರೆ. ನಮ್ಮ ಬ್ಯಾಚಿನ ಕೆಲವರು ಎನ್‌ಡಿಎ ಪರೀಕ್ಷೆ ಬರೆಯಲಿದ್ದಾರೆ. ಇನ್ನೂ ಅನೇಕರು ಎಂಜಿನಿಯರಿಂಗ್‌ಗೆ ಹೋಗಿ ಸಾಫ್ಟ್‌ವೇರ್ ಬರೆಯುತ್ತಾರೆ. ಇಂದಿನ ಡ್ರೋನ್‌ಗಳನ್ನು ನಡೆಸುವವರೂ ಎಂಡರ್‌ನಂತೆ ದೂರದ ಕೋಣೆಯಲ್ಲಿ ಪರದೆಯ ಮುಂದೆ ಕೂರುತ್ತಾರೆ. ಆ ಪರದೆಯ ಹಿಂದಿನ ಕೋಡ್ ನಮ್ಮದೇ ಆಗಿರಬಹುದು. ಇದು ಯಾವುದಕ್ಕೆ ಬಳಕೆಯಾಗುತ್ತದೆ ಎಂದು ಕೇಳುವುದು ಆಗ ಅಧಿಕಪ್ರಸಂಗವಲ್ಲ, ನಮ್ಮ ಕೆಲಸದ ಭಾಗವೇ. ಎಂಡರ್‌ಗೆ ಆ ಪ್ರಶ್ನೆ ಕೇಳುವ ಅವಕಾಶವನ್ನೇ ಕೊಡಲಿಲ್ಲ, ಅವನಿನ್ನೂ ಮಗು. ನಮಗೆ ಹದಿನೇಳು ದಾಟುತ್ತಿದೆ, ಮುಂದಿನ ವರ್ಷ ಮತದಾನದ ಹಕ್ಕೂ ಬರುತ್ತದೆ. ಕೇಳಲಿಲ್ಲ ಎಂಬುದಕ್ಕೆ ನಮ್ಮ ಬಳಿ ಅವನ ನೆಪ ಇರುವುದಿಲ್ಲ.