ಸುರಗಿ: ಮೊಗ್ಗಿಗೆ ಬೆಲೆ, ಕೊಂಬೆಗೆ ಕತ್ತಿ

ಶಿವರಾತ್ರಿಯ ಆಸುಪಾಸಿನಲ್ಲಿ ಮಲೆನಾಡಿನ ಕಾನುಗಳಲ್ಲಿ ಸುರಗಿ ಅರಳತೊಡಗುತ್ತದೆ. ಮರ ಕಣ್ಣಿಗೆ ಬೀಳುವ ಮೊದಲೇ ಅದರ ಪರಿಮಳ ದಾರಿಹೋಕರನ್ನು ತಡೆದು ನಿಲ್ಲಿಸುತ್ತದೆ. ಹೂವು ಒಂದು ಅಂಗುಲಕ್ಕಿಂತಲೂ ಚಿಕ್ಕದು. ನಾಲ್ಕು ಬಿಳಿ ಎಸಳು, ನಡುವೆ ದಟ್ಟವಾಗಿ ತುಂಬಿದ ಹಳದಿ ಕೇಸರ, ಅದರ ಸುತ್ತ ಜೇನುನೊಣಗಳ ಗುಂಯ್ಗಾರ. ಬಾಡಿದ ಮೇಲೂ, ಒಣಗಿದ ಮೇಲೂ ಗಂಧ ಉಳಿಯುವುದು ಈ ಹೂವಿನ ಹೆಚ್ಚುಗಾರಿಕೆ. ಆದ್ದರಿಂದಲೇ ಉತ್ತರ ಕನ್ನಡ, ಶಿವಮೊಗ್ಗ, ಉಡುಪಿ ಸೀಮೆಯ ಹೆಂಗಸರು ಸುರಗಿಯ ದಂಡೆಯನ್ನು ಮುಡಿದು ಎಸೆಯದೆ ಬಟ್ಟೆಯ ಪೆಟ್ಟಿಗೆಯಲ್ಲಿಡುತ್ತಾರೆ. ತೀರ್ಥಹಳ್ಳಿ ಸೀಮೆಯಲ್ಲಿ ಹುಟ್ಟಿದ ಯು. ಆರ್. ಅನಂತಮೂರ್ತಿಯವರು 2012ರಲ್ಲಿ ಪ್ರಕಟವಾದ ತಮ್ಮ ಆತ್ಮಕಥನಕ್ಕೆ ಇಟ್ಟ ಹೆಸರೂ ಇದೇ.

ಸುರಗಿ ಪಶ್ಚಿಮಘಟ್ಟಕ್ಕೆ ಸೀಮಿತವಾದ ಮರ. ಸಸ್ಯಶಾಸ್ತ್ರದಲ್ಲಿ ಇದರ ಹೆಸರು ಮಮ್ಮಿಯ ಸುರಿಗ. ಎರಡನೆಯ ಪದ ನಮ್ಮ ಸೀಮೆಯ ಮಾತೇ ಎಂಬುದನ್ನು ಬಿಡಿಸಿ ಹೇಳಬೇಕಿಲ್ಲ. ಕೆಲವೆಡೆ ಇದನ್ನು ಸುರಹೊನ್ನೆ ಎಂದೂ ಕರೆಯುವುದುಂಟು. ಆದರೆ ಅದೇ ಹೆಸರು ಕರಾವಳಿಯ ಹೊನ್ನೆಮರಕ್ಕೂ ಸಲ್ಲುವುದರಿಂದ ಪುಸ್ತಕ ಹಿಡಿದು ಕಾಡಿಗೆ ಹೋಗುವ ವಿದ್ಯಾರ್ಥಿಗಳು ಎಚ್ಚರದಿಂದಿರುವುದು ಒಳ್ಳೆಯದು. ನಿತ್ಯಹರಿದ್ವರ್ಣದ ಈ ಮರಕ್ಕೆ ಗೇಣುದ್ದದ, ತೊಗಲಿನಂತೆ ದಪ್ಪನೆಯ, ಎದುರುಬದುರಾಗಿ ಮೂಡುವ ಎಲೆಗಳು. ಬೇಸಗೆಯಲ್ಲಿಯೂ ನೆರಳು ತೆಳುವಾಗುವುದಿಲ್ಲ. ಹಣ್ಣಿನ ತಿರುಳು ಸಿಹಿ. ಶಾಲೆಯ ಅಂಗಳಕ್ಕೆ, ದೇವಸ್ಥಾನದ ಪ್ರಾಕಾರಕ್ಕೆ ಇದಕ್ಕಿಂತ ಶೋಭೆಯ ಮರ ಸಿಗುವುದು ಕಷ್ಟ. ಹಾಗಿದ್ದರೂ ವನಮಹೋತ್ಸವ ಬಂತೆಂದರೆ ಮಡಗಾಸ್ಕರದ ಗುಲ್‌ಮೊಹರ್ ಮತ್ತು ಆಸ್ಟ್ರೇಲಿಯಾ ಕಡೆಯ ಅಕೇಶಿಯಾ ಸಸಿಗಳೇ ಲಾರಿ ಏರಿ ಬರುತ್ತವೆ!

ಸುರಗಿಗೆ ಒದಗಿರುವ ಆಪತ್ತು ಮಾತ್ರ ಈ ಅಲಕ್ಷ್ಯದ್ದಲ್ಲ, ಬೇಡಿಕೆಯದ್ದು. ಆಯುರ್ವೇದದ ನಾಗಕೇಸರವೆಂದರೆ ನಾಗಸಂಪಿಗೆ ಹೂವಿನ ಕೇಸರ. ಭಾರತದ ಆಯುರ್ವೇದ ಔಷಧಕೋಶವೂ ಅದನ್ನೇ ಹೇಳುತ್ತದೆ. ಆದರೆ ಸುರಗಿಯ ಒಣಮೊಗ್ಗು ಕೆಂಪು ನಾಗಕೇಸರವೆಂಬ ಹೆಸರಿನಲ್ಲಿ ಮಾರುಕಟ್ಟೆಗೆ ಹೋಗುತ್ತದೆ. ಸುಗಂಧದ್ರವ್ಯದವರಿಗೂ ಅದು ಬೇಕು. ಹಿಂದೆ ರೇಷ್ಮೆಗೆ ಕೆಂಪು ಬಣ್ಣ ಕಟ್ಟುವುದಕ್ಕೂ ಬಳಸುತ್ತಿದ್ದರು. ಮುಡಿಯುವವರಿಗೆ ಅರಳಿದ ಹೂವು ಸಾಕು, ಅದು ಮರದಡಿಯಲ್ಲಿ ಉದುರಿ ಬಿದ್ದದ್ದಾದರೂ ಆದೀತು. ವ್ಯಾಪಾರಿಗೆ ಅರಳುವ ಮೊದಲಿನ ಮೊಗ್ಗೇ ಆಗಬೇಕು. ಎಲ್ಲ ಕೇಡಿನ ಮೂಲ ಈ ವ್ಯತ್ಯಾಸದಲ್ಲಿದೆ.

ಸುರಗಿಯ ಮೊಗ್ಗು ಎಳೆಯ ತುದಿಗಳಲ್ಲಿ ಮೂಡುವುದಿಲ್ಲ. ಎಲೆ ಉದುರಿ ಬಲಿತ ಹಳೆಯ ಕೊಂಬೆಯ ಗೆಣ್ಣುಗಳಲ್ಲಿ ಅದು ಗೊಂಚಲು ಗೊಂಚಲಾಗಿ ಅಂಟಿಕೊಂಡಿರುತ್ತದೆ. ಮರದ ಮೇಲೆ ಕುಳಿತು ಬೆರಳಿನಿಂದ ಒಂದೊಂದಾಗಿ ಬಿಡಿಸುವುದು ನಿಧಾನದ, ಅಪಾಯದ ಕೆಲಸ. ಕೊಂಬೆಯನ್ನೇ ಕಡಿದು ಕೆಳಕ್ಕೆ ಕೆಡವಿದರೆ ಮನೆಮಂದಿಯೆಲ್ಲ ನೆರಳಿನಲ್ಲಿ ಕುಳಿತು ಮೊಗ್ಗು ಬಿಡಿಸಬಹುದು. ಕಡಿದಲ್ಲಿ ಚಿಗುರು ಬರಬಹುದು, ಆದರೆ ಆ ಚಿಗುರು ಬಲಿತು ಹೂ ಬಿಡುವ ಕೊಂಬೆಯಾಗಲು ಹಲವು ವರ್ಷ ಕಾಯಬೇಕು. ಒಂದು ದಿನದ ಕೂಲಿಗಾಗಿ ಮುಂದಿನ ಅಷ್ಟೂ ವರ್ಷಗಳ ಫಸಲು ನೆಲಕ್ಕೆ ಬೀಳುತ್ತದೆ. ಕೊಂಬೆ ಉಳಿದರೂ ಮೊಗ್ಗೆಲ್ಲ ಮೂಟೆ ಸೇರಿದರೆ ಹಣ್ಣಿಲ್ಲ, ಹಣ್ಣಿಲ್ಲದಿದ್ದರೆ ಬೀಜವಿಲ್ಲ. ಮುದಿಮರಗಳು ನಿಂತಿದ್ದು, ಅವುಗಳ ಬುಡದಲ್ಲಿ ಒಂದೂ ಸಸಿ ಕಾಣದ ಕಾಡು ದೂರದಿಂದ ಹಸಿರಾಗಿಯೇ ತೋರುತ್ತದೆ.

ಇದಕ್ಕೆ ಮರವೇರುವ ಬಡವನನ್ನು ದೂರುವುದು ಸುಲಭ, ನ್ಯಾಯವಲ್ಲ. ಕೊಳ್ಳುವವನು ತೂಕ ನೋಡುತ್ತಾನೆಯೇ ಹೊರತು ಮೊಗ್ಗು ಬಿಡಿಸಿದ್ದೋ ಕಡಿದದ್ದೋ ಎಂದು ಕೇಳುವುದಿಲ್ಲ. ಅಲ್ಪಾವಧಿಗೆ ಗುತ್ತಿಗೆ ಹಿಡಿದವನಿಗೆ ಹತ್ತು ವರ್ಷದ ಆಚೆಗಿನ ಮರ ಬೇಕಿಲ್ಲ. ಈ ವರ್ಷ ಒಂದು ಕೊಂಬೆಯನ್ನು ಉಳಿಸಿ ಬಂದವನಿಗೆ, ನಾಳೆ ಅದನ್ನು ಇನ್ನೊಬ್ಬ ಕಡಿಯುತ್ತಾನೆಂಬುದು ಗೊತ್ತು. ಮರ ತನ್ನದೆಂಬ ಭರವಸೆಯಿಲ್ಲದವನಿಗೆ ಸಂಯಮವನ್ನು ಬೋಧಿಸಿ ಫಲವಿಲ್ಲ. ಅರಣ್ಯ ರಕ್ಷಕನನ್ನು ಪ್ರತಿ ಮರದ ಕೆಳಗೆ ನಿಲ್ಲಿಸುವುದೂ ಆಗದ ಮಾತು.

ಆ ಭರವಸೆಯನ್ನು ಕೊಡಬಲ್ಲ ಕಾನೂನು ಇದೆ. 2006ರ ಅರಣ್ಯ ಹಕ್ಕು ಕಾಯಿದೆಯು ಪರಂಪರೆಯಿಂದ ಸಂಗ್ರಹಿಸುತ್ತ ಬಂದ ಕಿರು ಅರಣ್ಯ ಉತ್ಪನ್ನಗಳ ಒಡೆತನವನ್ನು ಅರಣ್ಯವಾಸಿಗಳಿಗೆ ನೀಡುತ್ತದೆ. ಅದರ ಜೊತೆಗೇ ಕಾಡನ್ನು, ಜೀವವೈವಿಧ್ಯವನ್ನು ಕಾಯುವ ಅಧಿಕಾರವನ್ನು ಗ್ರಾಮಸಭೆಗೂ ಕೊಡುತ್ತದೆ. ಮಲೆನಾಡಿನಲ್ಲಿ ಈ ಕಾಯಿದೆಯೆಂದರೆ ಒತ್ತುವರಿ ಜಮೀನಿನ ಅರ್ಜಿ, ಮೂರು ತಲೆಮಾರಿನ ದಾಖಲೆ, ತಿರಸ್ಕಾರದ ಪತ್ರ ಇಷ್ಟೇ ಎಂಬಂತಾಗಿದೆ. ಆ ಗದ್ದಲದಲ್ಲಿ ಸಮುದಾಯದ ಹಕ್ಕಿನ ಮಾತು ಮೂಲೆಗೆ ಸರಿದಿದೆ. ಸುರಗಿ, ಉಪ್ಪಾಗೆ, ಮುರುಗಲುಗಳ ಹೆಸರು ಹಿಡಿದು ಹಕ್ಕು ಕೇಳುವ ಗ್ರಾಮಸಭೆಗಳು ಮುಂದೆ ಬರಬೇಕು. ಹಕ್ಕು ಕೈಗೆ ಬಂದ ದಿನವೇ ಕಟ್ಟಳೆಯೂ ಬರಬೇಕು: ಕೊಂಬೆಗೆ ಕತ್ತಿ ತಾಗಬಾರದು, ಪ್ರತಿ ಮರದಲ್ಲಿಯೂ ಒಂದು ಪಾಲು ಮೊಗ್ಗು ಅರಳಲು ಉಳಿಯಬೇಕು, ಕಡಿದು ತಂದ ಮೊಗ್ಗನ್ನು ಊರಿನ ತಕ್ಕಡಿ ತೂಗಬಾರದು.

ಕಾನೂನಿನ ದಾರಿ ಉದ್ದವಾದುದು. ಅಲ್ಲಿಯವರೆಗೆ ಅಡಿಕೆ ತೋಟದವರ ಸೊಪ್ಪಿನಬೆಟ್ಟಗಳಿವೆ. ಉತ್ತರ ಕನ್ನಡದಲ್ಲಿ ಎಕರೆ ತೋಟಕ್ಕೆ ಒಂಬತ್ತು ಎಕರೆಯವರೆಗೂ ಬೆಟ್ಟ ಬಿಟ್ಟುಕೊಟ್ಟಿರುವುದುಂಟು. ಸೊಪ್ಪು ಕಡಿಕಡಿದು ಬೋಳಾಗಿರುವ ಆ ಬೆಟ್ಟಗಳ ತಂಪು ಮಗ್ಗುಲಿನಲ್ಲಿ, ಹಳ್ಳದ ಅಂಚಿನಲ್ಲಿ ಸುರಗಿಗೆ ಜಾಗವಿಲ್ಲದಿಲ್ಲ. ಮಳೆಗಾಲದ ಹೊಸ್ತಿಲಲ್ಲಿ ಉದುರುವ ಹಣ್ಣಿನ ಬೀಜವನ್ನು ಒಣಗಲು ಬಿಡದೆ ಕೂಡಲೇ ಮಣ್ಣಿಗೆ ಹಾಕಬೇಕು. ಅವಸರದ ಮರ ಇದಲ್ಲ, ನೆಟ್ಟವರು ಹೂವಿಗಾಗಿ ಬಹಳ ಕಾಲ ಕಾಯಬೇಕಾದೀತು.

ವಿದ್ಯಾರ್ಥಿಗಳಿಗೂ ಇಲ್ಲಿ ಕೆಲಸವಿದೆ. ಸುರಗಿಯಲ್ಲಿ ಕೆಲವು ಮರಗಳು ಗಂಡು ಹೂಗಳನ್ನಷ್ಟೇ ಬಿಡುತ್ತವೆ, ಎಂದೂ ಕಾಯಿ ಕಟ್ಟುವುದಿಲ್ಲ. ಪರಾಗಕ್ಕೆ ಸಾಕಷ್ಟು ಹೂವು ಬಿಟ್ಟು ಅಂಥ ಮರಗಳಿಂದ ಮೊಗ್ಗು ಬಿಡಿಸಿದರೆ ಬೀಜಕ್ಕೆ ಅಷ್ಟಾಗಿ ನಷ್ಟವಿಲ್ಲ. ಕಾಯಿ ಕಟ್ಟುವ ಮರಗಳಿಗೆ ಬಿಡುವು ದೊರೆಯುತ್ತದೆ. ಯಾವುದು ಯಾವ ಮರವೆಂದು ಮೊಗ್ಗಿನ ಕಾಲದಲ್ಲಿ ಹೇಳುವುದು ಸುಲಭವಲ್ಲ. ಮೇ ತಿಂಗಳ ರಜೆಯಲ್ಲಿ ಊರಿನ ಸುರಗಿ ಮರಗಳನ್ನು ಸುತ್ತಿ, ಕಾಯಿ ಕಟ್ಟಿದವನ್ನು ಗುರುತಿಸಿ, ಪಂಚಾಯಿತಿಯ ಜೀವವೈವಿಧ್ಯ ದಾಖಲಾತಿಯಲ್ಲಿ ಬರೆಸಿದರೆ, ಮುಂದಿನ ಶಿವರಾತ್ರಿಯ ವೇಳೆಗೆ ಮರವೇರುವವರ ಕೈಯಲ್ಲಿ ಆ ಪಟ್ಟಿ ಇರುತ್ತದೆ.