ಎಂಟನೆಯ ಸರ್ವರ್

ನಾಲ್ಕು ಜನ, ಮೂರು ವಾರದ ಕೆಲಸ. ಇಂಥ ಸಣ್ಣ ಐಟಿ ಪ್ರಾಜೆಕ್ಟಿಗೆ ಗ್ಯಾಂಟ್ ಚಾರ್ಟ್ ಬಿಡಿಸುತ್ತ ಕೂತರೆ ಮೂಗಿಗಿಂತ ಮೂಗುತಿ ಭಾರ. ಹಾಗೆಂದು ಎಲ್ಲವನ್ನೂ ನೆನಪಿಗೇ ಬಿಡುವಂತಿಲ್ಲ. ಒಂದು ಪುಟದ ಚೆಕ್‌ಲಿಸ್ಟ್ ಇರಲೇಬೇಕು.

2012ರ ಆಗಸ್ಟ್ 1ರಂದು ಅಮೆರಿಕದ ಶೇರು ವಹಿವಾಟು ಸಂಸ್ಥೆ ನೈಟ್ ಕ್ಯಾಪಿಟಲ್ ಸುಮಾರು 45 ನಿಮಿಷದ ಗೊಂದಲದಲ್ಲಿ 44 ಕೋಟಿ ಡಾಲರಿಗೂ ಹೆಚ್ಚು ಕಳೆದುಕೊಂಡಿತು. ಹೊಸ ಕೋಡನ್ನು ಎಂಟು ಸರ್ವರ್‌ಗಳಿಗೆ ಹಾಕಬೇಕಿತ್ತು, ಹಾಕಿದ್ದು ಏಳಕ್ಕೆ. ಎಂಟನೆಯದರಲ್ಲಿ ವರ್ಷಗಳಿಂದ ಮಲಗಿದ್ದ ಹಳೆಯ ಕೋಡು ಎದ್ದು ಕೂತು ಆರ್ಡರ್ ಮೇಲೆ ಆರ್ಡರ್ ಕಳಿಸಿತು. ಇನ್ನೊಬ್ಬರು ಈ ಕೆಲಸವನ್ನು ಪರಿಶೀಲಿಸಬೇಕೆಂಬ ಲಿಖಿತ ನಿಯಮವೇ ಅಲ್ಲಿರಲಿಲ್ಲವೆಂದು ಅಲ್ಲಿನ ಶೇರುಪೇಟೆ ನಿಯಂತ್ರಕರು ಬಳಿಕ ದಾಖಲಿಸಿದರು.

ಪಟ್ಟಿ ಇದ್ದರಷ್ಟೇ ಸಾಲದು. ‘ಡಿಪ್ಲಾಯ್ ಆಯಿತೇ?’ ಎಂಬ ಸಾಲಿಗೆ ಯಾರೂ ಕಣ್ಣು ಮುಚ್ಚಿ ಟಿಕ್ ಹಾಕಿಬಿಡುತ್ತಾರೆ. ‘ಪ್ರತಿ ಸರ್ವರ್‌ನಲ್ಲಿರುವ ವರ್ಷನ್ ಸಂಖ್ಯೆ ಬರೆಯಿರಿ’ ಎಂದರೆ ತೆರೆದು ನೋಡಲೇಬೇಕು. ಬ್ಯಾಕಪ್ ಇದೆಯೇ ಎನ್ನುವುದಕ್ಕಿಂತ, ಅದನ್ನು ಕೊನೆಯ ಸಲ ರಿಸ್ಟೋರ್ ಮಾಡಿ ನೋಡಿದ ದಿನಾಂಕ ಕೇಳುವುದು ಮೇಲು. ಸಣ್ಣ ತಂಡದಲ್ಲಿ ಕೋಡ್ ಬರೆದವರೇ ಟೆಸ್ಟ್ ಮಾಡಿ, ಅವರೇ ಲೈವ್‌ಗೂ ಬಿಡುವುದುಂಟು. ಪಟ್ಟಿಯನ್ನಾದರೂ ಬೇರೊಬ್ಬರು ಗಟ್ಟಿಯಾಗಿ ಓದಲಿ. ಐದು ನಿಮಿಷದ ಕೆಲಸ; ಶುಕ್ರವಾರ ಸಂಜೆಯಾದರೆ ಎರಡು ಸಲ ಓದಲಿ.